ಐದು ಲಾಡ್ಜ್ ಒಂದಾದಾಗ ಉಳಿದದ್ದೇನು, ಹೋದದ್ದೇನು?

ಪ್ರಶ್ನೆ: ನನ್ನ ಮಗಳ ಸಂಸಾರ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದೆ. ಹದಿನಾಲ್ಕು ವರ್ಷದ ಮೊಮ್ಮಗ ಅಲ್ಲಿ ಸ್ಕೌಟ್. ಅವನನ್ನು ‘ಆರ್ಡರ್ ಆಫ್ ದಿ ಆರೋ’ ಎಂಬುದಕ್ಕೆ ಆರಿಸಿದರಂತೆ. ಕಾಡಿನಲ್ಲಿ ರಾತ್ರಿ ಒಬ್ಬನೇ ಮಲಗಿ, ಮರುದಿನವೆಲ್ಲ ಮೌನವಾಗಿದ್ದು, ಅರೆಹೊಟ್ಟೆಯಲ್ಲಿ ಕೆಲಸ ಮಾಡಿ, ಕೆಂಪು ಬಾಣದ ಗುರುತಿರುವ ಬಿಳಿ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದಾನೆ. ಅವನ ಲಾಡ್ಜ್ (ಆ ಆರ್ಡರಿನ ಸ್ಥಳೀಯ ಶಾಖೆಗೆ ಹಾಗೆನ್ನುತ್ತಾರಂತೆ) ಹೆಸರು ಕಿಂಟೆಕೋಯಿಂಗ್. ಐದು ಲಾಡ್ಜ್‌ಗಳು ಸೇರಿ 2013ರಲ್ಲಿ ಆದದ್ದು ಎನ್ನುತ್ತಾನೆ. ಅವನ ಸ್ಕೌಟ್ ಮಾಸ್ಟರ್ ‘ಸುವನ್‌ಹ್ಯಾಕಿ 49’ ಎಂದು ಕಸೂತಿ ಮಾಡಿದ ಹಳೆಯ ಬ್ಯಾಡ್ಜ್ ಒಂದನ್ನೂ ಕೊಟ್ಟಿದ್ದಾರೆ. ಇದೇನು ಗುಪ್ತ ಸಂಘವೇ? ಐದನ್ನು ಯಾಕೆ ಒಂದು ಮಾಡಿದರು? ಹಳೆಯ ಲಾಡ್ಜ್‌ಗಳ ಇತಿಹಾಸ ಎಲ್ಲಿ ಹೋಯಿತು? ಆ ಬ್ಯಾಡ್ಜನ್ನು ಅವನು ಹಾಕಿಕೊಳ್ಳಬಹುದೇ?
— ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಮೊದಲು ನಿಮ್ಮ ಮನಸ್ಸಿನ ಅಳುಕಿಗೆ ಉತ್ತರಿಸುತ್ತೇನೆ. ಇದು ಗುಪ್ತ ಸಂಘ ಅಲ್ಲ. ಲಾಡ್ಜ್, ದೀಕ್ಷೆ, ಮೌನ, ರಾತ್ರಿಯ ಬೆಂಕಿ ಎಂದೆಲ್ಲ ಕೇಳಿದರೆ ಯಾವ ಅಜ್ಜನಿಗಾದರೂ ಹಾಗೆ ಅನ್ನಿಸುವುದು ಸಹಜ. ಸಮಾರಂಭದ ಮಾತುಗಳನ್ನು ಹುಡುಗರು ಮೊದಲೇ ತಿಳಿದುಕೊಂಡರೆ ಅದರ ಸ್ವಾರಸ್ಯ ಹೋಗುತ್ತದೆಂದು ಊರೆಲ್ಲ ಸಾರುವುದಿಲ್ಲ, ಅಷ್ಟೆ. ತಂದೆತಾಯಿ ಕೇಳಿದರೆ ಅಲ್ಲಿ ಏನು ನಡೆಯುತ್ತದೆ, ಏನು ಹೇಳಿಸುತ್ತಾರೆ ಎಂಬುದನ್ನು ತಿಳಿಸಲೇಬೇಕು. ಮುಚ್ಚಿಟ್ಟು ನಡೆಸುವ ಯಾವ ಚಟುವಟಿಕೆಗೂ ಅಲ್ಲಿನ ಸ್ಕೌಟ್ ಸಂಸ್ಥೆಯಲ್ಲಿ ಅವಕಾಶವಿಲ್ಲ. ನಿಮ್ಮ ಮಗಳು ಸ್ಕೌಟ್ ಮಾಸ್ಟರ್ ಹತ್ತಿರ ಒಂದು ಮಾತು ಕೇಳಿದರೆ ಸಾಕು.

ಮೊಮ್ಮಗನಿಗೆ ಸಿಕ್ಕ ಗೌರವ ಎಂಥದ್ದು ಎಂಬುದನ್ನೂ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಅದಕ್ಕೆ ಸರಿಸಾಟಿಯಾದದ್ದು ಇಲ್ಲ. ನಮ್ಮ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ ಇವೆ. ಅವು ಪರೀಕ್ಷೆ ಕೊಟ್ಟು ಪಡೆಯುವಂಥವು. ಗಂಟು ಹಾಕುವುದು, ಪ್ರಥಮ ಚಿಕಿತ್ಸೆ, ನಕ್ಷೆ ಓದುವುದು ಎಲ್ಲ ಬಂದರೆ ಸಿಗುತ್ತವೆ. ಆರ್ಡರ್ ಆಫ್ ದಿ ಆರೋಗೆ ಪರೀಕ್ಷೆ ಬರೆದು ಸೇರಲು ಆಗುವುದಿಲ್ಲ. ಫಸ್ಟ್ ಕ್ಲಾಸ್ ದರ್ಜೆ ಮುಟ್ಟಿರಬೇಕು. ಹಿಂದಿನ ಎರಡು ವರ್ಷಗಳಲ್ಲಿ ಹದಿನೈದು ರಾತ್ರಿ ಶಿಬಿರದಲ್ಲಿ ಕಳೆದಿರಬೇಕು, ಅದರಲ್ಲಿ ಐದು ರಾತ್ರಿ ಒಂದೇ ದೀರ್ಘ ಶಿಬಿರದ್ದಾಗಿರಬೇಕು. ಇದಿಷ್ಟೂ ಇದ್ದರೆ ಹೆಸರು ಮತಪತ್ರಕ್ಕೆ ಬರುತ್ತದೆ. ಆಮೇಲಿನದು ಅವನ ಟ್ರೂಪಿನ ಹುಡುಗರ ಕೈಯಲ್ಲಿ. ಮತ ಹಾಕುವವರಲ್ಲಿ ಬಹುಪಾಲು ಇನ್ನೂ ಈ ಆರ್ಡರಿಗೆ ಸೇರದ ಹುಡುಗರೇ. ಮತ ಹಾಕಿದವರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಒಪ್ಪಿದರೆ ಆಯ್ಕೆ. ಅಂದರೆ ನಿಮ್ಮ ಮೊಮ್ಮಗನ ಜತೆ ಮಳೆಯಲ್ಲಿ ಟೆಂಟ್ ಹೊಡೆದವರು, ಅವನು ಪಾತ್ರೆ ತೊಳೆಯುವುದನ್ನು ಅಥವಾ ತಪ್ಪಿಸಿಕೊಳ್ಳುವುದನ್ನು ಕಣ್ಣಾರೆ ಕಂಡವರು, ‘ಇವನು ನಮ್ಮ ನಡುವೆ ಒಳ್ಳೆಯವನು’ ಎಂದು ಕೈ ಎತ್ತಿದ್ದಾರೆ. ಶಿಕ್ಷಕರಾಗಿದ್ದ ನಿಮಗೆ ಗೊತ್ತೇ ಇದೆ, ಮಕ್ಕಳು ಮಕ್ಕಳಿಗೆ ಕೊಡುವ ಸರ್ಟಿಫಿಕೇಟಿನಲ್ಲಿ ಸುಳ್ಳು ಕಡಿಮೆ.

ಈ ಯೋಚನೆ ಹುಟ್ಟಿದ್ದು 1915ರಲ್ಲಿ, ಡೆಲವೇರ್ ನದಿಯ ನಡುವಿನ ಟ್ರೆಷರ್ ಐಲೆಂಡ್ ಎಂಬ ದ್ವೀಪದಲ್ಲಿ. ನದಿಯ ಒಂದು ದಡ ಪೆನ್ಸಿಲ್ವೇನಿಯಾ, ಇನ್ನೊಂದು ದಡ ನ್ಯೂಜೆರ್ಸಿ. ಫಿಲಡೆಲ್ಫಿಯಾ ನಗರದ ಸ್ಕೌಟ್ ಕೌನ್ಸಿಲ್, ಅಂದರೆ ಆ ಪ್ರದೇಶದ ಸ್ಕೌಟ್ ದಳಗಳನ್ನೆಲ್ಲ ನೋಡಿಕೊಳ್ಳುವ ಸ್ಥಳೀಯ ಮಂಡಳಿ, ಅಲ್ಲಿ ಬೇಸಿಗೆ ಶಿಬಿರ ನಡೆಸುತ್ತಿತ್ತು. ಆ ವರ್ಷ ಶಿಬಿರದ ನಿರ್ದೇಶಕ ಇ. ಅರ್ನರ್ ಗುಡ್‌ಮನ್‌ಗೆ ಇನ್ನೂ 24 ವರ್ಷ. ಅವರಿಗೆ ಸಹಾಯಕ ಕ್ಯಾರಲ್ ಎಡ್ಸನ್. ಕೌಶಲಕ್ಕೆ ಬ್ಯಾಡ್ಜ್ ಇದೆ, ಗುಣಕ್ಕೆ ಏನಿದೆ ಎಂಬುದು ಇಬ್ಬರನ್ನೂ ಕಾಡಿದ ಪ್ರಶ್ನೆ. ಹುಡುಗರನ್ನೇ ಕೇಳೋಣ, ಅವರೇ ಆರಿಸಲಿ ಎಂದು ತೀರ್ಮಾನಿಸಿದರು. ಆ ನದಿಬಯಲು ಲೆನಾಪೆ ಎಂಬ ಮೂಲನಿವಾಸಿ ಜನರ ನಾಡು. ಇಂಗ್ಲಿಷರು ಅವರನ್ನೂ ನದಿಯ ಹೆಸರಿನಿಂದಲೇ ಡೆಲವೇರ್ ಎಂದು ಕರೆದರು. ಗುಡ್‌ಮನ್ ಮತ್ತು ಎಡ್ಸನ್ ಸಮಾರಂಭದ ಚೌಕಟ್ಟಿಗೆ, ಹೆಸರುಗಳಿಗೆ ಆ ಜನರ ಕಥೆಗಳನ್ನೂ ಪದಗಳನ್ನೂ ತಂದುಕೊಂಡರು. ಜುಲೈ 16ರ ರಾತ್ರಿ ಮೊದಲ ದೀಕ್ಷೆ ನಡೆಯಿತು. ಆ ಮೊದಲ ಗುಂಪಿನ ಹೆಸರು ಉನಾಮಿ, ಗುರುತು ಆಮೆ. ಮುಂದೆ ಲಾಡ್ಜ್‌ಗಳಿಗೆ ಸಂಖ್ಯೆ ಕೊಡುವ ಪದ್ಧತಿ ಬಂದಾಗ ಉನಾಮಿಗೆ ಸಹಜವಾಗಿ 1 ಬಂತು.

ನಿಮ್ಮ ಮೊಮ್ಮಗ ಕಳೆದ ಆ ಒಂದು ರಾತ್ರಿ ಮತ್ತು ಹಗಲನ್ನು ‘ಆರ್ಡೀಲ್’ ಎನ್ನುತ್ತಾರೆ. ಸಂಜೆ ಕತ್ತಲಾಗುತ್ತಲೇ ಅಭ್ಯರ್ಥಿಗಳನ್ನು ಸಾಲಾಗಿ ಕಾಡಿಗೆ ಕರೆದೊಯ್ಯುತ್ತಾರೆ. ಒಬ್ಬೊಬ್ಬನಿಗೂ ಒಂದೊಂದು ಜಾಗ ತೋರಿಸಿ, ಆಕಾಶದ ಕೆಳಗೆ ಒಂಟಿಯಾಗಿ ಮಲಗಲು ಬಿಡುತ್ತಾರೆ. ದೊಡ್ಡವರು ಕರೆದರೆ ಕೇಳುವಷ್ಟು ದೂರದಲ್ಲಿ ಇರುತ್ತಾರೆ, ಆ ಬಗ್ಗೆ ಚಿಂತೆ ಬೇಡ. ಬೆಳಿಗ್ಗೆ ಸ್ವಲ್ಪವೇ ತಿಂಡಿ. ಆಮೇಲೆ ಕೆಲಸ: ಬಿದ್ದ ಮರ ಎಳೆದುಹಾಕುವುದು, ಕಾಲುದಾರಿಯ ಪೊದೆ ಸವರುವುದು, ಟೆಂಟ್ ಹಾಕುವ ಮರದ ಹಾಸುಗಳ ಹಲಗೆ ಬದಲಿಸುವುದು, ದೋಣಿಗಳನ್ನು ಒರೆಸಿಡುವುದು. ಬಾಯಿ ಬಿಡುವಂತಿಲ್ಲ. ಪಕ್ಕದವನಿಗೆ ಸುತ್ತಿಗೆ ಬೇಕಾದರೆ ಅವನ ಮುಖ ನೋಡಿಯೇ ತಿಳಿದುಕೊಳ್ಳಬೇಕು. ಸಂಜೆ ಸಮಾರಂಭ, ಪಟ್ಟಿ, ಹೊಟ್ಟೆತುಂಬ ಊಟ. ಆರು ತಿಂಗಳು ಕಳೆದ ಮೇಲೆ ‘ಬ್ರದರ್‌ಹುಡ್’ ಎಂಬ ಮುಂದಿನ ಹಂತಕ್ಕೆ ಹೋಗಬಹುದು. ಆಗ ಬಾಣದ ಎರಡು ತುದಿಗಳಲ್ಲಿ ಕೆಂಪು ಅಡ್ಡಪಟ್ಟಿ ಬರುತ್ತದೆ. ‘ವಿಜಿಲ್’ ಎಂಬ ಮೂರನೆಯದು ವಿಶೇಷ ಸೇವೆ ಮಾಡಿದ ಕೆಲವರಿಗಷ್ಟೇ. ಅದಕ್ಕೆ ಆಯ್ಕೆಯಾದವನು ಇಡೀ ರಾತ್ರಿ ಒಬ್ಬನೇ ಬೆಂಕಿ ಕಾಯಬೇಕು.

ಆ ದಿನ ಹುಡುಗರು ಮಾಡುವ ಕೆಲಸವನ್ನು ಗಮನಿಸಿ. ಅದೆಲ್ಲವೂ ಶಿಬಿರದ ನೆಲದ ಕೆಲಸ. ಲಾಡ್ಜ್ ಹುಟ್ಟಿದ್ದೇ ಶಿಬಿರದ ಸುತ್ತ. ಒಂದೊಂದು ಕೌನ್ಸಿಲಿಗೆ ಒಂದೊಂದು ಕಾಡಿತ್ತು, ಆ ಕಾಡಿಗೊಂದು ಲಾಡ್ಜ್. ನನ್ನ ಮಟ್ಟಿಗೆ ವಿಲೀನಗಳ ಇತಿಹಾಸವನ್ನು ಓದಲು ಇದಕ್ಕಿಂತ ಒಳ್ಳೆಯ ಬೀಗದ ಕೈ ಇಲ್ಲ. ಹೆಸರು ಉಳಿಯಿತೇ, ಸಂಖ್ಯೆ ಉಳಿಯಿತೇ ಎಂದು ಹಳಬರು ಜಗಳಾಡುತ್ತಾರೆ. ಕೇಳಬೇಕಾದದ್ದು ನೆಲ ಉಳಿಯಿತೇ ಎಂದು.

ವಿಲೀನದ ಕಾರಣಕ್ಕೆ ಬರೋಣ. ಮೊದಲ ವರ್ಷಗಳಲ್ಲಿ ಈ ಆರ್ಡರ್ ಅಮೆರಿಕದ ಸ್ಕೌಟ್ ಸಂಸ್ಥೆಯ ಅಂಗವೇ ಆಗಿರಲಿಲ್ಲ. ಶಿಬಿರದಿಂದ ಶಿಬಿರಕ್ಕೆ ತಾನಾಗಿ ಹಬ್ಬಿತು. 1921ರಲ್ಲಿ ಲಾಡ್ಜ್‌ಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಮೊದಲ ಬಾರಿ ರಾಷ್ಟ್ರಮಟ್ಟದಲ್ಲಿ ಸಭೆ ಸೇರಿದರು. 1934ರಲ್ಲಿ ಸ್ಕೌಟ್ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. 1948ರಲ್ಲಿ ಆರ್ಡರ್ ಪೂರ್ತಿಯಾಗಿ ಸಂಸ್ಥೆಯ ಒಳಗೆ ಸೇರಿತು. ಅಲ್ಲಿಂದ ಮುಂದೆ ಲಾಡ್ಜ್‌ನ ಹಣೆಬರಹ ಕೌನ್ಸಿಲ್‌ನ ಹಣೆಬರಹಕ್ಕೆ ಕಟ್ಟಿಬಿತ್ತು. ಸಾಮಾನ್ಯ ನಿಯಮ ಒಂದೇ: ಒಂದು ಕೌನ್ಸಿಲಿಗೆ ಒಂದು ಲಾಡ್ಜ್. ಸ್ಕೌಟುಗಳ ಸಂಖ್ಯೆ ಇಳಿದು, ಕಚೇರಿ ಖರ್ಚು ಏರಿ, ಎರಡು ಕೌನ್ಸಿಲ್‌ಗಳು ಒಂದಾದರೆ ಅವುಗಳ ಲಾಡ್ಜ್‌ಗಳೂ ಒಂದಾಗಲೇಬೇಕು. ಹುಡುಗರಿಗೆ ಇಷ್ಟವಿದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಒಂದಾದ ಮೇಲೆ ಹೆಸರೇನು, ಸಂಖ್ಯೆ ಯಾವುದು, ಬ್ಯಾಡ್ಜ್ ಮೇಲೆ ಯಾವ ಪ್ರಾಣಿ, ಆರ್ಡೀಲ್ ಯಾವ ಕಾಡಿನಲ್ಲಿ, ಬ್ಯಾಂಕ್ ಖಾತೆಯ ದುಡ್ಡು ಯಾವುದಕ್ಕೆ ಎಂಬುದನ್ನು ಮಾತ್ರ ಹುಡುಗರೇ ಕೂತು ಮಾತಾಡಿ ತೀರ್ಮಾನಿಸುತ್ತಾರೆ. ಲಾಡ್ಜ್‌ನಲ್ಲಿ ಮತದ ಹಕ್ಕಿರುವುದು 21 ವರ್ಷದೊಳಗಿನವರಿಗೆ. ಐವತ್ತು ವರ್ಷ ಸೇವೆ ಮಾಡಿದ ಹಿರಿಯರು ಸಲಹೆ ಕೊಡಬಹುದು, ಕೈ ಎತ್ತುವಂತಿಲ್ಲ. ಈ ಏರ್ಪಾಟು ನನಗೆ ತುಂಬ ಇಷ್ಟ. ಹಳೆಯ ಹೆಸರಿನ ಮೇಲೆ ಅತಿ ಹೆಚ್ಚು ಮೋಹವಿರುವವರು ತಲೆನರೆತವರು. ಹೊಸ ಹೆಸರಿನಡಿ ಬದುಕಬೇಕಾದವರು ಹುಡುಗರು.

ನ್ಯೂಯಾರ್ಕಿನ ಕಥೆ ಮಾತ್ರ ಈ ನಿಯಮಕ್ಕೆ ಹೊರತಾಗಿತ್ತು. ಅಲ್ಲಿ ಕೌನ್ಸಿಲ್ ವ್ಯವಸ್ಥೆ ಇಡೀ ನಗರಕ್ಕೆ ಒಂದೇ ಛತ್ರಿಯಡಿ ಇದ್ದರೂ ನಗರದ ಐದು ಬರೋಗಳಿಗೆ, ಅಂದರೆ ಆಡಳಿತ ವಿಭಾಗಗಳಿಗೆ, ಐದು ಲಾಡ್ಜ್‌ಗಳು ದಶಕಗಳ ಕಾಲ ಬೇರೆ ಬೇರೆಯಾಗಿಯೇ ನಡೆದವು. ಬ್ರಾಂಕ್ಸ್‌ನಲ್ಲಿ ರಾನಾಚ್‌ಕ್ವಾ, ಸಂಖ್ಯೆ 4. ಬ್ರೂಕ್ಲಿನ್‌ನಲ್ಲಿ ಶು-ಶು-ಗಾ, 24. ನಿಮ್ಮ ಮೊಮ್ಮಗನ ಕ್ವೀನ್ಸ್‌ನಲ್ಲಿ ಸುವನ್‌ಹ್ಯಾಕಿ, 49. ಮ್ಯಾನ್‌ಹಟನ್‌ನಲ್ಲಿ ಮ್ಯಾನ್-ಎ-ಹಟಿನ್, 82. ಸ್ಟೇಟನ್ ಐಲೆಂಡ್‌ನಲ್ಲಿ ಅಕ್ವೆಹೋಂಗಿಯನ್, 112. ಸಂಖ್ಯೆಗಳನ್ನು ನೋಡಿದರೇ ಯಾವುದು ಹಳತು, ಯಾವುದು ಆಮೇಲಿನದು ಎಂದು ತಿಳಿಯುತ್ತದೆ. ನಾಲ್ಕನೆಯದೆಂದರೆ ಇಡೀ ದೇಶದಲ್ಲಿ ಮೊದಲ ಬೆರಳೆಣಿಕೆಯ ಲಾಡ್ಜ್‌ಗಳಲ್ಲಿ ಒಂದು. ಬ್ರೂಕ್ಲಿನ್ನಿನ ಹುಡುಗರು ನೀಲಿ ಕೊಕ್ಕರೆಯ ಹೆಸರಿಟ್ಟುಕೊಂಡರು. ಉಳಿದ ನಾಲ್ಕೂ ಆಯಾ ಜಾಗಕ್ಕಿದ್ದ ಹಳೆಯ ಹೆಸರುಗಳು. ಡಚ್ಚರೂ ಇಂಗ್ಲಿಷರೂ ಬರುವ ಮೊದಲು ಆ ನೆಲದವರು ಹೇಳುತ್ತಿದ್ದಂಥವು.

ಐದೂ ಬೇರೆ, ಆದರೆ ಕಾಡು ಒಂದೇ. ನಗರದಿಂದ ವಾಯವ್ಯಕ್ಕೆ, ಸಲಿವನ್ ಕೌಂಟಿಯ ನ್ಯಾರೋಸ್‌ಬರ್ಗ್ ಬಳಿ ಟೆನ್ ಮೈಲ್ ರಿವರ್ ಎಂಬ ಶಿಬಿರ ಪ್ರದೇಶವಿದೆ. 1920ರ ದಶಕದ ಕೊನೆಯಲ್ಲಿ ನಗರದ ಸ್ಕೌಟುಗಳಿಗಾಗಿ ತೆರೆದದ್ದು. ಸುಮಾರು 12,000 ಎಕರೆ ಕಾಡು, ಕೆರೆ, ಗುಡ್ಡ. ಒಂದೊಂದು ಬರೋಗೂ ಅಲ್ಲಿ ತನ್ನದೇ ಶಿಬಿರಗಳಿದ್ದವು. ಟೆನ್ ಮೈಲ್ ರಿವರ್ ಹೊಳೆ ಹರಿದು ಸೇರುವುದು ಡೆಲವೇರ್ ನದಿಯನ್ನೇ. ಅದೇ ನೀರು ಕೆಳಗೆ ಟ್ರೆಷರ್ ಐಲೆಂಡ್ ಸುತ್ತ ಹರಿಯುತ್ತದೆ.

ಇದರ ಹಿಂದೆ ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರಿದ್ದಾರೆ: ಫ್ರಾಂಕ್ಲಿನ್ ರೂಸ್‌ವೆಲ್ಟ್. ಅಧ್ಯಕ್ಷರಾಗುವ ಎಷ್ಟೋ ಮೊದಲೇ ಅವರು ನ್ಯೂಯಾರ್ಕಿನ ಸ್ಕೌಟ್ ಪ್ರತಿಷ್ಠಾನದ ಮುಂದಾಳು. 1921ರ ಜುಲೈ ಕೊನೆಯಲ್ಲಿ ಬೇರ್ ಮೌಂಟನ್ ಬಳಿಯ ಸ್ಕೌಟ್ ಶಿಬಿರಕ್ಕೆ ಹೋಗಿಬಂದರು. ಕೆಲವೇ ದಿನಗಳಲ್ಲಿ ಪೋಲಿಯೊ ಬಡಿಯಿತು. ಸೋಂಕು ತಗಲಿದ್ದು ಆ ಭೇಟಿಯಲ್ಲೇ ಇರಬೇಕೆಂದು ಹಲವು ಇತಿಹಾಸಕಾರರು ಭಾವಿಸುತ್ತಾರೆ. ಆದರೂ ಸ್ಕೌಟಿಂಗಿನ ನಂಟನ್ನು ಅವರು ಬಿಡಲಿಲ್ಲ. 1933ರ ಆಗಸ್ಟ್‌ನಲ್ಲಿ, ಅಧ್ಯಕ್ಷರಾದ ಮೊದಲ ವರ್ಷವೇ, ಟೆನ್ ಮೈಲ್ ರಿವರ್‌ಗೆ ಬಂದರು. ಅವರನ್ನು ಅಲ್ಲಿ ಆರ್ಡರ್ ಆಫ್ ದಿ ಆರೋದ ಗೌರವ ಸದಸ್ಯರನ್ನಾಗಿ ಮಾಡಿಕೊಂಡದ್ದು ಸುವನ್‌ಹ್ಯಾಕಿ ಲಾಡ್ಜ್. ಮೊಮ್ಮಗನ ಕೈಯಲ್ಲಿರುವ ಬ್ಯಾಡ್ಜ್ ಆ ಲಾಡ್ಜಿನದು. ಇದನ್ನು ಅವನಿಗೆ ಹೇಳಿ, ಖುಷಿಪಡುತ್ತಾನೆ.

ಹೀಗೆ ನಡೆದುಬಂದ ಐದನ್ನು 2013ರಲ್ಲಿ ಒಂದು ಮಾಡಿದರು. ಇಲ್ಲಿ ಕೌನ್ಸಿಲ್‌ಗಳ ವಿಲೀನ ಹೊಸದಾಗಿ ಆಗಲಿಲ್ಲ. ಬಹಳ ಕಾಲದಿಂದ ಉಳಿಸಿಕೊಂಡಿದ್ದ ವಿನಾಯಿತಿ ಕೊನೆಗೊಂಡಿತು. ಐದೂ ಹೆಸರುಗಳನ್ನು ಕೈಬಿಟ್ಟು ಹೊಸ ಹೆಸರಿಟ್ಟರು. ಮ್ಯಾನ್‌ಹಟನ್‌ನಲ್ಲಿ ಇಂದಿನ ಆಸ್ಟರ್ ಪ್ಲೇಸ್ ಇರುವ ಕಡೆ ಲೆನಾಪೆ ಕಾಲುದಾರಿಗಳು ಕೂಡುತ್ತಿದ್ದ, ಬೇರೆ ಬೇರೆ ಗುಂಪುಗಳು ಸೇರಿ ಮಾತಾಡುತ್ತಿದ್ದ ಜಾಗವೊಂದಿತ್ತು ಎನ್ನುತ್ತಾರೆ. ಅದರ ಹೆಸರು ಕಿಂಟೆಕೋಯಿಂಗ್. ಸಂಖ್ಯೆ ಮಾತ್ರ ಅತಿ ಹಳೆಯದಾದ ರಾನಾಚ್‌ಕ್ವಾದ 4 ಉಳಿಯಿತು. ಹೆಸರಿನ ವಿಷಯದಲ್ಲಿ ಇದು ಜಾಣ ತೀರ್ಮಾನ ಎಂದು ನನ್ನ ಅಭಿಪ್ರಾಯ. ಐದರಲ್ಲಿ ಒಂದರ ಹೆಸರು ಉಳಿಸಿದ್ದರೆ ಉಳಿದ ನಾಲ್ಕು ಬರೋಗಳವರು ತಮ್ಮನ್ನು ನುಂಗಿಹಾಕಿದರೆಂದೇ ತಿಳಿಯುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಮಕ್ಕಳು ಸಾಲದೆ ಎರಡು ಶಾಲೆಗಳನ್ನು ಒಂದು ಮಾಡಿದಾಗ ಬೋರ್ಡಿನ ಮೇಲೆ ಯಾವ ಊರಿನ ಹೆಸರು ಎಂಬುದೇ ದೊಡ್ಡ ವ್ಯಾಜ್ಯವಾಗುವುದನ್ನು ನೀವು ಕಂಡಿರುತ್ತೀರಿ. ಅದೇ ಮನಸ್ಸು ಅಲ್ಲೂ.

ಫಿಲಡೆಲ್ಫಿಯಾದಲ್ಲಿ ಇದಕ್ಕೆ ತದ್ವಿರುದ್ಧ ನಡೆಯಿತು. 1996ರಲ್ಲಿ ಫಿಲಡೆಲ್ಫಿಯಾ ಕೌನ್ಸಿಲ್ ಮತ್ತು ನಗರದ ಹೊರವಲಯದ ವ್ಯಾಲಿ ಫೋರ್ಜ್ ಕೌನ್ಸಿಲ್ ಸೇರಿ ಕ್ರೇಡಲ್ ಆಫ್ ಲಿಬರ್ಟಿ ಕೌನ್ಸಿಲ್ ಆಯಿತು. ವ್ಯಾಲಿ ಫೋರ್ಜ್‌ನ ಲಾಡ್ಜ್ ಡೆಲ್ಮಾಂಟ್, ಸಂಖ್ಯೆ 43. ಫಿಲಡೆಲ್ಫಿಯಾದ್ದು ಉನಾಮಿ, ಸಂಖ್ಯೆ 1. ದೇಶದ ಮೊತ್ತಮೊದಲ ಲಾಡ್ಜಿನ ಹೆಸರನ್ನು ಅಳಿಸುವ ಧೈರ್ಯ ಯಾರಿಗೆ ಬರುತ್ತದೆ? ಉನಾಮಿಯೂ ಉಳಿಯಿತು, 1 ಕೂಡ ಉಳಿಯಿತು. ಡೆಲ್ಮಾಂಟ್ ಹೆಸರು ಹೋಯಿತು. ಡೆಲ್ಮಾಂಟಿನಲ್ಲಿ ಬೆಳೆದವರಿಗೆ ಅದು ನೋವಿನ ಮಾತೇ. ಅವರ ಕಡೆಯಿಂದ ನೋಡಿದರೆ ಅದೂ ಒಂದು ಪೂರ್ತಿ ಇತಿಹಾಸ.

ಆದರೆ ಹೆಸರು ಉಳಿಸಿಕೊಂಡ ಉನಾಮಿ ಕಳೆದುಕೊಂಡದ್ದು ಅದಕ್ಕಿಂತ ದೊಡ್ಡದು. ಟ್ರೆಷರ್ ಐಲೆಂಡ್ ನದಿಯ ನಡುವಿನ ತಗ್ಗು ನೆಲ. 1955ರ ಆಗಸ್ಟ್‌ನಲ್ಲಿ ಡಯೇನ್ ಚಂಡಮಾರುತದ ಪ್ರವಾಹ ಬಂದಾಗ ಡೆಲವೇರ್ ದ್ವೀಪಗಳ ಶಿಬಿರಗಳಿಂದ ಮಕ್ಕಳನ್ನು ಹೆಲಿಕಾಪ್ಟರಿನಲ್ಲಿ ಎತ್ತಬೇಕಾಯಿತು. ಅದನ್ನು ದಾಟಿ ಶಿಬಿರ ಮತ್ತೆ ಅರ್ಧ ಶತಮಾನ ನಡೆಯಿತು. 2004, 2005, 2006 ಹೀಗೆ ಮೂರು ವರ್ಷ ಒಂದರ ಹಿಂದೆ ಒಂದು ನೆರೆ ಬಂತು. ಕಟ್ಟಡ, ಕುಡಿಯುವ ನೀರು, ಶೌಚಾಲಯ ಎಲ್ಲವನ್ನೂ ಮತ್ತೆ ಮತ್ತೆ ಎತ್ತಿ ನಿಲ್ಲಿಸುವುದು ಕೌನ್ಸಿಲ್‌ನ ಶಕ್ತಿ ಮೀರಿತು. 2008ರ ಬೇಸಿಗೆಯ ನಂತರ ಅಲ್ಲಿ ಶಿಬಿರ ನಡೆಯಲಿಲ್ಲ. 1915ರ ಆ ಮೊದಲ ಬೆಂಕಿ ಹೊತ್ತಿದ ಜಾಗದಲ್ಲಿ ಈಗಿನ ಉನಾಮಿಯ ಹುಡುಗನಿಗೆ ಆರ್ಡೀಲ್ ಇಲ್ಲ. ಹೆಸರಿದೆ, ಸಂಖ್ಯೆ ಇದೆ, ಆಮೆಯ ಗುರುತಿದೆ, ನೆಲ ಇಲ್ಲ. ಕಿಂಟೆಕೋಯಿಂಗ್ ಹುಡುಗನಿಗೆ ಹಳೆಯ ಹೆಸರು ಇಲ್ಲದಿದ್ದರೂ ರೂಸ್‌ವೆಲ್ಟ್ ಬಂದುಹೋದ ಕಾಡಿದೆ. ನನ್ನನ್ನು ಕೇಳಿದರೆ ಎರಡನೆಯವನೇ ಹೆಚ್ಚು ಭಾಗ್ಯವಂತ.

ಚಿಕಾಗೊದ ಉದಾಹರಣೆ ಇವೆರಡರ ನಡುವೆ ನಿಲ್ಲುತ್ತದೆ. ಅಲ್ಲಿನ ಓವಾಸಿಪಿ ಲಾಡ್ಜ್, ಸಂಖ್ಯೆ 7. ಫಿಲಡೆಲ್ಫಿಯಾ ಬಿಟ್ಟ ಗುಡ್‌ಮನ್ 1927ರಿಂದ 1931ರವರೆಗೆ ಚಿಕಾಗೊ ಕೌನ್ಸಿಲ್‌ನ ಮುಖ್ಯಾಧಿಕಾರಿಯಾಗಿದ್ದರು. ಹಾಗಾಗಿ ಓವಾಸಿಪಿಯವರಿಗೆ ತಾವು ಸಂಸ್ಥಾಪಕರ ಕೈಯಲ್ಲಿ ಬೆಳೆದವರು ಎಂಬ ಹೆಮ್ಮೆ ಇತ್ತು. 2015ರಲ್ಲಿ ಚಿಕಾಗೊ ಸುತ್ತಮುತ್ತಲಿನ ನಾಲ್ಕು ಕೌನ್ಸಿಲ್‌ಗಳು ಸೇರಿ ಪಾಥ್‌ವೇ ಟು ಅಡ್ವೆಂಚರ್ ಎಂಬ ಒಂದೇ ಕೌನ್ಸಿಲ್ ಆಯಿತು. ಓವಾಸಿಪಿಯ ಜತೆಗೆ ಮಿಚಿಗಮಿಯ 110, ಲಕೋಟಾ 175, ಪಾಚ್‌ಸೆಗಿಂಕ್ 246 ಕೂಡ ಹೋಗಿ ತಾಖೋನೆ ಲಾಡ್ಜ್ ಬಂತು. ಸಂಖ್ಯೆ 7 ಉಳಿಯಿತು.

ಓವಾಸಿಪಿಯ ನಿಜವಾದ ಅಗ್ನಿಪರೀಕ್ಷೆ ನಡೆದದ್ದು ವಿಲೀನಕ್ಕೆ ಮೊದಲೇ. ಮಿಶಿಗನ್ ರಾಜ್ಯದ ವೈಟ್‌ಹಾಲ್ ಬಳಿ ಅದೇ ಹೆಸರಿನ ಶಿಬಿರ ಪ್ರದೇಶವಿದೆ, ಈಗ ಉಳಿದಿರುವುದು ಸುಮಾರು 4,800 ಎಕರೆ. ನೂರು ವರ್ಷ ದಾಟಿದ ಶಿಬಿರ. ಸಾಲದಲ್ಲಿ ಸಿಕ್ಕಿಕೊಂಡಿದ್ದ ಅಂದಿನ ಕೌನ್ಸಿಲ್ ಈ ಶತಮಾನದ ಮೊದಲ ದಶಕದಲ್ಲಿ ಅದನ್ನು ಬಿಲ್ಡರ್‌ಗೆ ಮಾರಲು ಹೊರಟಿತು. ಹಳೆಯ ಶಿಬಿರಾರ್ಥಿಗಳು, ಸಿಬ್ಬಂದಿಯಾಗಿದ್ದವರು, ಲಾಡ್ಜ್ ಸದಸ್ಯರು ಎದುರು ನಿಂತರು. ಅಲ್ಲಿನ ಸ್ಥಳೀಯ ಆಡಳಿತ ಕಾಡನ್ನು ಬಡಾವಣೆಯಾಗಿ ಬದಲಿಸಲು ಅನುಮತಿ ಕೊಡಲಿಲ್ಲ. ಪ್ರಕರಣ ಕೋರ್ಟಿಗೆ ಹೋಯಿತು. ಕೋರ್ಟ್ ಸ್ಥಳೀಯ ಆಡಳಿತದ ಪರ ನಿಂತಿತು. ಮಾರಾಟ ಬಿದ್ದುಹೋಯಿತು. ಓವಾಸಿಪಿ ಎಂಬ ಲಾಡ್ಜ್ ಇವತ್ತು ಇಲ್ಲ, ಓವಾಸಿಪಿ ಎಂಬ ಕಾಡು ಇದೆ.

ಈ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2020ರ ಫೆಬ್ರವರಿಯಲ್ಲಿ ಅಮೆರಿಕದ ಸ್ಕೌಟ್ ಸಂಸ್ಥೆ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ದಶಕಗಳ ಕಾಲ ಮಕ್ಕಳ ಮೇಲೆ ನಡೆದಿದ್ದ ಲೈಂಗಿಕ ದೌರ್ಜನ್ಯದ ಸಾವಿರಾರು ದೂರುಗಳು ಅದರ ಹಿಂದಿದ್ದವು. 246 ಕೋಟಿ ಡಾಲರ್‌ಗಳ ಪರಿಹಾರ ಯೋಜನೆ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ನೊಂದವರಿಗೆ ಸಲ್ಲಬೇಕಾದದ್ದು ಸಲ್ಲಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ಹಣದ ಒಂದು ಪಾಲನ್ನು ಸ್ಥಳೀಯ ಕೌನ್ಸಿಲ್‌ಗಳು ಹೊರಬೇಕಾಯಿತು, ಅವುಗಳ ಹತ್ತಿರವಿದ್ದ ದೊಡ್ಡ ಆಸ್ತಿ ಎಂದರೆ ಶಿಬಿರದ ಕಾಡು. ಎಷ್ಟೋ ಕಡೆ ಕಾಡು ಮಾರಾಟವಾಯಿತು. 2019ರ ಕೊನೆಗೆ ಮಾರ್ಮನ್ ಚರ್ಚ್ ತನ್ನ ಹುಡುಗರನ್ನೆಲ್ಲ ಸ್ಕೌಟಿಂಗಿನಿಂದ ಹೊರಗೆ ಕರೆದುಕೊಂಡದ್ದು ಸದಸ್ಯಬಲಕ್ಕೆ ಬಿದ್ದ ಇನ್ನೊಂದು ಪೆಟ್ಟು. ಹಾಗಾಗಿ ವಿಲೀನಗಳು ಇನ್ನೂ ಬರುತ್ತವೆ. 2019ರಿಂದ ಹುಡುಗಿಯರೂ ಟ್ರೂಪ್‌ಗಳಿಗೆ, ಈ ಆರ್ಡರಿಗೆ ಬರುತ್ತಿದ್ದಾರೆ. 2025ರ ಫೆಬ್ರವರಿಯಿಂದ ಸಂಸ್ಥೆಯ ಹೆಸರೇ ಸ್ಕೌಟಿಂಗ್ ಅಮೆರಿಕ ಎಂದಾಗಿದೆ.

ಇನ್ನೊಂದು ವಿಷಯ ಬಿಟ್ಟರೆ ಈ ಇತಿಹಾಸ ಅರೆಬರೆಯಾಗುತ್ತದೆ. ಹೆಸರುಗಳೆಲ್ಲ ಲೆನಾಪೆ ಮುಂತಾದ ಮೂಲನಿವಾಸಿಗಳದ್ದು. ಆ ಲೆನಾಪೆ ಜನರನ್ನು ಅದೇ ಡೆಲವೇರ್ ಬಯಲಿನಿಂದ ಪಶ್ಚಿಮಕ್ಕೆ ತಳ್ಳುತ್ತ ತಳ್ಳುತ್ತ ಓಕ್ಲಹೋಮ, ವಿಸ್ಕಾನ್ಸಿನ್, ಕೆನಡಾದ ಒಂಟಾರಿಯೊವರೆಗೆ ಅಟ್ಟಿದರು. ಅವರ ವಂಶಸ್ಥರು ಇಂದಿಗೂ ಅಲ್ಲಿದ್ದಾರೆ. ಅವರಿಲ್ಲದ ಕಾಡಿನಲ್ಲಿ ಅವರ ಮಾತು, ಗರಿಯ ಉಡುಗೆ ಬಳಸಿ ಇತರರ ಮಕ್ಕಳು ಸಮಾರಂಭ ನಡೆಸುವುದು ಸರಿಯೇ ಎಂಬ ಪ್ರಶ್ನೆ ಕೆಲವು ದಶಕಗಳಿಂದ ಗಟ್ಟಿಯಾಗಿಯೇ ಕೇಳಿಬರುತ್ತಿದೆ. 2019ರಿಂದ, ಚಿಕ್ಕ ಮಕ್ಕಳಾದ ಕಬ್‌ಗಳ ಸಮಾರಂಭಗಳಲ್ಲಿ ಆರ್ಡರಿನ ಸದಸ್ಯರು ಮೂಲನಿವಾಸಿಗಳ ವೇಷ ತೊಡುವುದು ನಿಂತಿದೆ. ನನಗೆ ಇದು ಒಳ್ಳೆಯ ತಿದ್ದುಪಡಿ. ಒಂದು ಜನದ ಹೆಸರನ್ನು ಬ್ಯಾಡ್ಜಿನ ಮೇಲೆ ಇಟ್ಟುಕೊಂಡ ಮೇಲೆ ಆ ಜನ ಈಗ ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ತಿಳಿದುಕೊಳ್ಳುವುದು ಅದನ್ನು ತೊಟ್ಟವನ ಕೆಲಸ. ಮೊಮ್ಮಗನಿಗೆ ನೀವು ಕೇಳಬಹುದಾದ ಅತ್ಯುತ್ತಮ ಪ್ರಶ್ನೆ ಇದೇ ಎಂದು ನನಗನ್ನಿಸುತ್ತದೆ.

ವಿಲೀನವೆಂದರೆ ಅಳಿವು ಎಂದು ನೀವು ಬೇಸರಪಟ್ಟುಕೊಂಡಿರುವ ಹಾಗಿದೆ. ನಮ್ಮ ಸ್ಕೌಟಿಂಗ್ ಕೂಡ ವಿಲೀನದಿಂದಲೇ ಆದದ್ದು. ಭಾರತದ ಮೊದಲ ಸ್ಕೌಟ್ ದಳವನ್ನು 1909ರಲ್ಲಿ ನಮ್ಮ ಬೆಂಗಳೂರಿನಲ್ಲೇ ಕ್ಯಾಪ್ಟನ್ ಟಿ. ಎಚ್. ಬೇಕರ್ ಕಟ್ಟಿದರು. ಅದು ಯುರೋಪಿಯನ್ ಮಕ್ಕಳಿಗೆ ಮಾತ್ರ. ಆಮೇಲೆ ಮದರಾಸಿನಲ್ಲಿ ಆನಿ ಬೆಸೆಂಟ್ ಭಾರತೀಯ ಮಕ್ಕಳಿಗೆಂದು ಬೇರೆ ಸಂಘ ಕಟ್ಟಿದರು, ಉತ್ತರದಲ್ಲಿ ಮಾಳವೀಯರು, ಶ್ರೀರಾಮ ಬಾಜಪೇಯಿ ಮೊದಲಾದವರ ಹಿಂದೂಸ್ತಾನ್ ಸ್ಕೌಟ್ ಸಂಘ ಬೆಳೆಯಿತು. ಸ್ವಾತಂತ್ರ್ಯದ ನಂತರ, 1950ರ ನವೆಂಬರ್ 7ರಂದು, ಬೇರೆಯಾಗಿದ್ದ ಸಂಘಗಳು ಸೇರಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಗರ್ಲ್ ಗೈಡ್‌ಗಳು 1951ರ ಆಗಸ್ಟ್ 15ರಂದು ಬಂದು ಸೇರಿದರು. ಆ ಹಳೆಯ ಸಂಘಗಳ ಸ್ಕಾರ್ಫ್, ಬಕಲ್, ದಾಖಲೆ ಪುಸ್ತಕಗಳನ್ನು ಜೋಪಾನ ಮಾಡಿದವರು ತೀರ ಕಡಿಮೆ. ಅಮೆರಿಕದವರು ಈ ವಿಷಯದಲ್ಲಿ ನಮಗಿಂತ ಮುಂದು. ಟೆನ್ ಮೈಲ್ ರಿವರ್‌ನಲ್ಲಿ ಶಿಬಿರದ ಇತಿಹಾಸಕ್ಕೆಂದೇ ಒಂದು ಮ್ಯೂಸಿಯಂ ಇದೆ. ಐದು ಲಾಡ್ಜ್‌ಗಳ ಕಥೆ ಎಲ್ಲಿ ಹೋಯಿತು ಎಂದು ಕೇಳಿದಿರಲ್ಲ, ಮುಂದಿನ ಬೇಸಿಗೆಯಲ್ಲಿ ಮೊಮ್ಮಗ ಅಲ್ಲಿಗೆ ಹೋದಾಗ ಒಂದು ಗಂಟೆ ಆ ಮ್ಯೂಸಿಯಮ್ಮಿನಲ್ಲಿ ಕಳೆಯಲಿ. ಅವನ ಟ್ರೂಪಿನ ಹಿರಿಯರಲ್ಲಿ ಸುವನ್‌ಹ್ಯಾಕಿಯ ಪಟ್ಟಿ ತೊಟ್ಟವರು ಇನ್ನೂ ಇರುತ್ತಾರೆ. ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಕೊನೆಗೆ ಆ ಬ್ಯಾಡ್ಜ್. ಅದನ್ನು ‘ಫ್ಲಾಪ್’ ಎನ್ನುತ್ತಾರೆ, ಶರ್ಟಿನ ಬಲ ಜೇಬಿನ ಮುಚ್ಚಳದ ಮೇಲೆ ಹೊಲಿಯುವಂಥದ್ದು. ಅಲ್ಲಿ ಹಾಕಿಕೊಳ್ಳಬಹುದಾದದ್ದು ಈಗ ಸದಸ್ಯನಾಗಿರುವ ಲಾಡ್ಜಿನದು ಮಾತ್ರ, ಆದ್ದರಿಂದ ಸಮವಸ್ತ್ರದ ಮೇಲೆ ಕಿಂಟೆಕೋಯಿಂಗ್ ಫ್ಲಾಪೇ ಇರಬೇಕು. ಸುವನ್‌ಹ್ಯಾಕಿಯದನ್ನು ಜೋಪಾನವಾಗಿ ಇಟ್ಟುಕೊಳ್ಳಲಿ. ಲ್ಯಾಮಿನೇಟ್ ಮಾಡಿಸಬೇಡಿ, ಗೋಂದು ಹಚ್ಚಿ ಹಲಗೆಗೆ ಅಂಟಿಸಬೇಡಿ. ಒಗೆಯುವುದೂ ಬೇಡ, ಹಳೆಯ ದಾರದ ಬಣ್ಣ ಬಿಡುತ್ತದೆ. ಬಿಸಿಲು ಬೀಳದ ಕಡೆ, ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕು. ಹಳೆಯ ಫ್ಲಾಪ್‌ಗಳನ್ನು ಸಂಗ್ರಹಿಸುವವರ ದೊಡ್ಡ ಬಳಗವೇ ಅಲ್ಲಿದೆ, ಶಿಬಿರಗಳಲ್ಲಿ ಹುಡುಗರು ಅದಲುಬದಲು ಮಾಡಿಕೊಳ್ಳುತ್ತಾರೆ, ನಕಲಿಗಳೂ ಓಡಾಡುತ್ತವೆ. ಯಾರಾದರೂ ‘ಇದಕ್ಕೆ ಎರಡು ಹೊಸದು ಕೊಡುತ್ತೇನೆ’ ಎಂದರೆ ಒಪ್ಪದಿರಲು ಈಗಲೇ ಹೇಳಿಡಿ. ಮತ್ತು ಒಂದು ಚೀಟಿಯಲ್ಲಿ ಅದನ್ನು ಕೊಟ್ಟವರ ಹೆಸರು, ಅವರು ಯಾವ ವರ್ಷ ಸುವನ್‌ಹ್ಯಾಕಿಗೆ ಸೇರಿದ್ದರು, ಯಾವ ಟ್ರೂಪು, ಇವನಿಗೆ ಕೊಟ್ಟದ್ದು ಯಾವಾಗ ಎಂಬುದನ್ನೆಲ್ಲ ಬರೆದು ಜತೆಗಿಡಲು ಹೇಳಿ. ಆ ಚೀಟಿ ಇಲ್ಲದಿದ್ದರೆ ಇಪ್ಪತ್ತು ವರ್ಷದ ಮೇಲೆ ಅದು ಯಾರದೋ ಹಳೆಯ ಬಟ್ಟೆ ಬ್ಯಾಡ್ಜ್ ಅಷ್ಟೇ ಆಗಿರುತ್ತದೆ.